ತೊಳೆದುಹೋದ ಏಳನೇ ಗಾಜು

ನರ್ಸಮ್ಮನವರ ಅಂಗೈಯಲ್ಲಿ ಗೆರೆಗಳೇ ಕಾಣುತ್ತಿರಲಿಲ್ಲ. ಮೂವತ್ತು ಮೂವತ್ತೈದು ವರ್ಷ ಬಿಸಿನೀರು, ಕಾರ್ಬಾಲಿಕ್ ಸೋಪು, ಸ್ಪಿರಿಟ್ಟು ಅಂತ ಉಜ್ಜಿ ಉಜ್ಜಿ ಆ ಅಂಗೈ ಬೆಳ್ಳಗೆ, ನುಣ್ಣಗೆ, ಹೊಳೆಯಲ್ಲಿ ಬಹಳ ಕಾಲ ಬಿದ್ದಿದ್ದ ಕಲ್ಲಿನಂತಾಗಿತ್ತು. ಹಳೆಯ ಫೋಟೋ ಕೊಟ್ಟರೆ ಅವರು ಬೆರಳಿನಿಂದ ಹಿಡಿಯುತ್ತಿರಲಿಲ್ಲ. ಎರಡು ಅಂಗೈಗಳ ಅಂಚಿನ ನಡುವೆ ಆನಿಸಿಕೊಂಡು, ಆಗತಾನೇ ಹುಟ್ಟಿದ ಮಗುವಿನ ತಲೆ ಹಿಡಿದ ಹಾಗೆ ಹಿಡಿದು, ಕಿಟಕಿಯ ಕಡೆ ತಿರುಗುತ್ತಿದ್ದರು. ನಾನು ಪಕ್ಕದಿಂದ ಬೆರಳಿಟ್ಟು ಏನಾದರೂ ತೋರಿಸಲು ಹೋದರೆ ಮೊಣಕೈಯಿಂದ ತಳ್ಳಿಬಿಡುತ್ತಿದ್ದರು.

"ಬೆರಳಲ್ಲಿ ಜಿಡ್ಡಿರ್ತದೆ ಕಣಪ್ಪ ಗುಜರಿ. ನಿನ್ ಬೆರಳಲ್ಲಂತೂ ಮೂರು ತಾಲ್ಲೂಕಿನ ಜಿಡ್ಡದೆ."

ಗುಜರಿ ಅಂದರೆ ನಾನು. ಆ ಹೆಸರು ಬೇರೆ ಯಾರು ಕರೆದಿದ್ದರೂ ನನಗೆ ಸಿಟ್ಟು ಬರುತ್ತಿತ್ತು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು, ಪೇಪರು ಬಾಟ್ಲಿ ಕಬ್ಬಿಣ ಅಂತ ಕೂಗುತ್ತ ಶುರು ಮಾಡಿದವನು ನಾನು. ಈಗ ಹುಣಸೂರಿನ ಬೈಪಾಸ್ ಪಕ್ಕ ನನ್ನದೇ ದೊಡ್ಡ ಶೆಡ್ಡಿದೆ. ಬೀಟೆಯ ಬಾಗಿಲು, ತೇಗದ ಕಂಬ, ಬಂಗಲೆಗಳ ಒರಗು ಕುರ್ಚಿ, ಹಿತ್ತಾಳೆ ಚಿಲಕ ಎಲ್ಲ ಸಿಗುತ್ತದೆ. ರೆಸಾರ್ಟ್ ಕಟ್ಟುವವರು ದೊಡ್ಡ ದೊಡ್ಡ ಕಾರಲ್ಲಿ ಬಂದು ಇಳಿಯುತ್ತಾರೆ. ಯಾರೂ ಕೈಹಿಡಿದು ಮೇಲಕ್ಕೆತ್ತಿದವರಿಲ್ಲ. ಕಣ್ಣು ಮತ್ತು ಬಾಯಿ, ಇವೆರಡೇ ನನ್ನ ಬಂಡವಾಳ. ಬಾಯಿ ನನಗೆ ಹುಟ್ಟಿನಿಂದಲೇ ಬಂದಿತ್ತು. ಕಣ್ಣನ್ನು ಹೇಗೆ ಬಳಸಬೇಕೆಂದು ಕಲಿಸಿದವರು ಮಾತ್ರ ಈ ನರ್ಸಮ್ಮ.

ಅವರು ಸರಗೂರು, ಹೆಗ್ಗಡದೇವನಕೋಟೆ ಕಡೆಯ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸಿ ಮಾಡಿಸಿ, ಕೊನೆಗೆ ಹನಗೋಡಿಗೆ ವರ್ಗವಾಗಿ ಬಂದು ಅಲ್ಲೇ ನಿವೃತ್ತರಾದರು. ಮದುವೆಯಾಗಲಿಲ್ಲ. ಲಕ್ಷ್ಮಣತೀರ್ಥಕ್ಕೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ. ಮುಂದಿನ ಜಗಲಿಯಲ್ಲಿ ಅವರ ಅಣ್ಣನ ಮಗಳು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಒಳಗೆ ಅತ್ತೆಯ ಫೋಟೋಗಳು, ಹೊರಗೆ ಸೊಸೆಯ ಬ್ಲೌಸುಗಳು. ಎರಡೂ ಬೆರೆಯಬಾರದೆಂದು ಹೊಸಿಲ ಮೇಲೆ ಒಂದು ಹಲಗೆ ಅಡ್ಡ ಇಟ್ಟಿದ್ದರು.

ಪರಿಚಯವಾದದ್ದು ನನ್ನ ಶೆಡ್ಡಿನಲ್ಲಿ. ಅವರು ಒಂದು ಹಳೇ ಮಂಚ ಕೊಳ್ಳಲು ಬಂದಿದ್ದರು. ನಾನು ನೆಲದ ಮೇಲೆ ಕೂತು ಪಿರಿಯಾಪಟ್ಟಣದ ಕಡೆಯ ಬಂಗಲೆಯೊಂದರಿಂದ ತಂದ ಫ್ರೇಮುಗಳನ್ನು ಬಿಚ್ಚುತ್ತಿದ್ದೆ. ನಮ್ಮ ಕಸುಬಿನಲ್ಲಿ ಆಗ ನಡೆಯುತ್ತಿದ್ದುದು ಹೀಗೆ: ಫ್ರೇಮು ಒಂದು ಕಡೆ, ಗಾಜು ಒಂದು ಕಡೆ, ಒಳಗಿನ ಫೋಟೋ ಒಲೆಗೆ. ಸತ್ತವರ ಮುಖವನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಬೀಟೆಯ ಫ್ರೇಮಿಗೆ ಬೆಲೆ, ಗಾಜಿಗೂ ಬೆಲೆ. ಅವರು ಮಂಚದ ಮಾತು ಅರ್ಧಕ್ಕೇ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಇವನ್ನೆಲ್ಲ ಏನ್ ಮಾಡ್ತೀಯಪ್ಪ?"

"ನೀರು ಕಾಯಿಸ್ತೀವಿ ಕಣಮ್ಮ. ರಟ್ಟು ಚೆನ್ನಾಗಿ ಉರಿತದೆ."

ಅವರು ರಾಶಿಯಿಂದ ಒಂದೊಂದೇ ತೆಗೆದು ನೋಡಿ, ಪಕ್ಕಕ್ಕಿಡುತ್ತ ಹೋದರು. ದೊರೆಗಳು ನಾಯಿ ಜೊತೆ ನಿಂತದ್ದು, ದೊರೆಸಾನಿಯರು ಛತ್ರಿ ಹಿಡಿದದ್ದು ಯಾವುದೂ ಬೇಡವಾಯಿತು. ಒಂದೇ ಒಂದನ್ನು ಕೈಯಲ್ಲಿ ಉಳಿಸಿಕೊಂಡರು. ಕಬ್ಬಿಣದ ತೊಟ್ಟಿಯಂಥ ಗಾಡಿಯೊಂದನ್ನು ಮೂರು ಜನ ಬಗ್ಗಿ ನೂಕುತ್ತಿದ್ದ ಫೋಟೋ ಅದು. ಮೂವರ ಮೈಮೇಲೂ ಒಂದೊಂದು ತುಂಡು ಬಟ್ಟೆ ಬಿಟ್ಟರೆ ಬೇರೇನಿಲ್ಲ.

"ಇದಕ್ಕೇನ್ ಕೊಡ್ಲಿ?"

ಸುಮ್ಮನೆ ತಗೊಂಡು ಹೋಗಿ ಅನ್ನುವ ಮಾತು ತುದಿ ನಾಲಿಗೆಯವರೆಗೆ ಬಂದಿತ್ತು. ಆದರೆ ಅವರ ಕಣ್ಣು ಕಂಡಿದ್ದೆನಲ್ಲ. ಒಲೆಗೆ ಹೋಗಬೇಕಾಗಿದ್ದ ರಟ್ಟನ್ನು ಮಂಚದಷ್ಟೇ ಬೆಲೆಗೆ ಮಾರಿದೆ. ಅವರು ಚೌಕಾಸಿ ಮಾಡಲಿಲ್ಲ. ಮಂಚ ಬಿಟ್ಟು ಫೋಟೋ ಕೊಂಡು ಹೋದರು. ಈಗ ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ, ಆದರೂ ನಮ್ಮ ಸಂಬಂಧ ಶುರುವಾದದ್ದು ಹೀಗೆ.

ಹೋಗುವ ಮುಂಚೆ ಅವರು ತಮಗೆ ಬೇಕಾದ್ದೇನೆಂದು ಹೇಳಿದರು. ಅವರು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಆಳುಗಳ ಲೈನು ಮನೆಗಳಲ್ಲಿ. ಅಪ್ಪನೂ ಗಣಿಯವರು, ಅಜ್ಜನೂ ಗಣಿಯವರು. ಅಜ್ಜ ಮಾತ್ರ ನಮ್ಮ ಹೆಗ್ಗಡದೇವನಕೋಟೆ ಕಡೆಯವರು, ನಮ್ಮ ಜನ ಬರೀ ಕೋಟೆ ಅನ್ನುತ್ತಾರೆ. ಚಿನ್ನ ಸಿಕ್ಕಿತೆಂದು ದೇಶದ ಮೂಲೆಮೂಲೆಯಿಂದ ಜನ ನುಗ್ಗುತ್ತಿದ್ದ ಕಾಲದಲ್ಲಿ, ಕಾಡಿನ ಮರ ಹೇರಿದ ಗಾಡಿಗಳ ಜೊತೆ ಹೊರಟುಹೋದ ಗುಂಪಿನಲ್ಲಿ ಅವರೂ ಇದ್ದರಂತೆ. ಭೂಮಿಯೊಳಗೆ ಸುರಂಗದ ಛಾವಣಿ ಕುಸಿಯದಂತೆ ತೊಲೆ ಆನಿಸಿ ನಿಲ್ಲಿಸುವ ಕೆಲಸ. ಮರ ಬಲ್ಲವರಾದ್ದರಿಂದ ಕೋಟೆಯವರಿಗೇ ಆ ಕೆಲಸ ಕೊಡುತ್ತಿದ್ದರಂತೆ.

"ಒಂದಿನ ದೊರೆ ಮೂರುಕಾಲಿನ ಪೆಟ್ಟಿಗೆ ತಂದು, ತೊಲೆ ಹೊತ್ತಿದ್ದೋರ್ನ ಅಂಗೇ ನಿಲ್ಸಿ ಫೋಟೋ ಹಿಡುದ್ನಂತೆ. ನಮ್ಮಪ್ಪಂಗೆ ನಮ್ಮಜ್ಜ ಹೇಳಿದ್ದು. ಅಜ್ಜ ಆ ಫೋಟೋ ಕಣ್ಣಲ್ಲಿ ನೋಡ್ಲಿಲ್ಲ. ಅಪ್ಪ ನೋಡ್ಲಿಲ್ಲ. ನಾನಾದ್ರೂ ನೋಡ್ಬೇಕು."

ಮನೆಯಲ್ಲಿ ಅಜ್ಜನ ಒಂದು ಚಿತ್ರವೂ ಇರಲಿಲ್ಲ. ಆ ಒಂದು ಫೋಟೋ ಹುಡುಕುತ್ತ ಹೋಗಿ ಅವರು ಗಣಿಯಲ್ಲಿ ದುಡಿಯುತ್ತಿದ್ದವರ ಫೋಟೋ ಎಲ್ಲಿ ಕಂಡರೂ ಕೂಡಿಡಲು ಶುರು ಮಾಡಿದ್ದರು. ಅದಕ್ಕೊಂದು ಷರತ್ತು. ಜನ ಕೆಲಸ ಮಾಡುತ್ತಿರಬೇಕು. ಸಾಲಾಗಿ ಕೂರಿಸಿ, ಕೈಕಟ್ಟಿಸಿ, ನಡುವೆ ದೊರೆ ಕುರ್ಚಿ ಹಾಕಿಕೊಂಡ ಫೋಟೋಗಳನ್ನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. "ಕೂತಿರೋರ್ದು ನಂಗೆ ಬ್ಯಾಡ. ಕೂರ್ಸಿದ್ದು ದೊರೆ ಇಷ್ಟ. ಕೆಲ್ಸ ಮಾಡಾಗ ಅವರವರ ಮೈ ಅವರವರ್ದೇ ಆಗಿರ್ತದೆ" ಅನ್ನುತ್ತಿದ್ದರು.

ಹತ್ತು ಹನ್ನೆರಡು ವರ್ಷ ಅವರಿಗಾಗಿ ಹುಡುಕಿದ್ದೇನೆ. ಮೊದಮೊದಲು ಲಾಭಕ್ಕೆ, ಆಮೇಲೆ ಯಾಕೆಂದು ನನಗೇ ತಿಳಿಯಲಿಲ್ಲ. ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರ ಮನೆಗಳು ಕೆ.ಆರ್. ನಗರದಲ್ಲಿದ್ದವು. ಗಣಿಯಿಂದ ನಿವೃತ್ತರಾಗಿ ಕೊಡಗಿನಲ್ಲಿ ಕಾಫಿ ತೋಟ ಕೊಂಡ ದೊರೆಗಳ ಸಾಮಾನು ಪಿರಿಯಾಪಟ್ಟಣದ ದಾರಿಯಲ್ಲಿ ಇಳಿದು ಬರುತ್ತಿತ್ತು. ಹಳೇ ಮನೆ ಕೆಡವುವ ಸುದ್ದಿ ನನಗೆ ಮೊದಲು ಬರುತ್ತಿತ್ತು, ಅಲ್ಲಿಂದ ಹನಗೋಡಿಗೆ ಫೋನು ಹೋಗುತ್ತಿತ್ತು.

ಈ ಕಸುಬಿಗೆ ಇಳಿಯುವವರು ಒಂದು ಮಾತು ಗಮನದಲ್ಲಿಟ್ಟುಕೊಳ್ಳಿ. ಬೇಕಾದ ಸಾಮಾನಿನ ಕಡೆ ಮೊದಲು ನೋಡಬಾರದು. ಬೇಡದ ಕಪಾಟಿನ ಬಾಗಿಲು ನಾಲ್ಕು ಸಲ ತೆಗೆದು ಹಾಕಬೇಕು, ಗೆದ್ದಲು ಹತ್ತಿದೆ ಅನ್ನಬೇಕು, ಹೊರಡಲು ಚಪ್ಪಲಿ ಮೆಟ್ಟಬೇಕು, ಆಮೇಲೆ ನೆನಪಾದವನ ಹಾಗೆ ಅದರ ಬೆಲೆ ಕೇಳಬೇಕು. ಕೆ.ಆರ್. ನಗರದ ಒಂದು ಮನೆಗೆ ನರ್ಸಮ್ಮನವರನ್ನು ಕರೆದುಕೊಂಡು ಹೋಗುವಾಗ ಬಸ್ಸಿನಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ದೆ. ಅವರು ತಲೆಯಾಡಿಸಿದ್ದರು. ಗುಮಾಸ್ತರ ಮನೆ ಅದು. ಆ ಮನೆಗೆ ಸೊಸೆಯಾಗಿ ಬಂದಿದ್ದವರು ಈಗ ತೊಂಬತ್ತರ ಹತ್ತಿರದ ಅಜ್ಜಿ. ನಾನು ಕಪಾಟಿನ ಗೆದ್ದಲು ಹುಡುಕುತ್ತಿರುವಾಗ ಹಿಂದಿನಿಂದ ನರ್ಸಮ್ಮನವರ ದನಿ ಕೇಳಿತು.

"ಅಯ್ಯೋ ನೋಡಿ ಇಲ್ಲಿ, ಇದು ಉಳಿ ಹಿಡ್ಯೋದು ಕಣಮ್ಮ."

ಗೋಡೆಯ ಫೋಟೋ ಮುಂದೆ ನಿಂತುಬಿಟ್ಟಿದ್ದರು. ಒಬ್ಬ ಎರಡು ಕೈಯಲ್ಲಿ ಉದ್ದನೆಯ ಉಕ್ಕಿನ ಉಳಿಯನ್ನು ಬಂಡೆಗೆ ಆನಿಸಿ ಹಿಡಿದಿದ್ದ, ಇನ್ನೊಬ್ಬ ಸುತ್ತಿಗೆ ಎತ್ತಿದ್ದ. ಅಜ್ಜಿ ಅಷ್ಟು ವರ್ಷ ಅದನ್ನು ದಿನಾ ಕಂಡಿದ್ದರೂ ಅದೇನೆಂದು ಕೇಳಿರಲಿಲ್ಲ.

"ಹೊಡ್ಯೋನ್ಗಿಂತ ಹಿಡ್ಯೋನು ದೊಡ್ಡೋನು" ಅಂತ ನರ್ಸಮ್ಮ ವಿವರಿಸುತ್ತಿದ್ದರು. "ಸುತ್ತಿಗೆ ಒಂದ್ ಬೆರಳು ಜರುಗಿದ್ರೆ ಮಣಿಕಟ್ಟೇ ಹೋಯ್ತು. ಒಂದೊಂದ್ ಏಟಿಗೂ ಉಳಿ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಇರ್ಬೇಕು. ಅದ್ಕೆ ನೋಡಿ, ಹಿಡ್ದಿರೋನು ಸುತ್ತಿಗೆ ಕಡೆ ನೋಡ್ತಿಲ್ಲ. ನೋಡಿದ್ರೆ ಕೈ ಹಿಂದಕ್ ಬತ್ತದೆ."

ನನ್ನ ವ್ಯಾಪಾರ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟು ಆಸೆ ತೋರಿಸಿದ ಮೇಲೆ ಯಾರು ಬೆಲೆ ಇಳಿಸುತ್ತಾರೆ? ಅಜ್ಜಿ ಕುರ್ಚಿ ಎಳೆಸಿಕೊಂಡು ಕೂತು, ಗೋಡೆಯಲ್ಲಿದ್ದ ಇನ್ನೂ ಮೂರು ಫೋಟೋ ಇಳಿಸಿ ತರಿಸಿ, ಇದೇನು, ಇದೇನು ಅಂತ ಕೇಳಿದರು. ನರ್ಸಮ್ಮ ಒಂದೊಂದನ್ನೂ ಹೇಳಿದರು. ಮಧ್ಯಾಹ್ನದ ಊಟವೂ ಅಲ್ಲೇ ಆಯಿತು. ಹೊರಡುವಾಗ ಅಜ್ಜಿ ನಾಲ್ಕೂ ಫೋಟೋಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ನರ್ಸಮ್ಮನ ಕೈಗಿಟ್ಟು, "ನಮ್ಮನೇಲಿದ್ರೆ ಇವರು ಬರೀ ಗೋಡೆ ಮೇಲಿರ್ತಾರೆ, ನಿಮ್ಮಲ್ಲಿದ್ರೆ ಕೆಲ್ಸ ಮಾಡ್ತಾರೆ" ಅಂದರು. ಒಂದು ಕಾಸೂ ಮುಟ್ಟಲಿಲ್ಲ.

ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. "ನಾನ್ ಹೇಳ್ಕೊಟ್ಟಿದ್ದೆಲ್ಲ ಹೊಳೆಗೆ ಬುಟ್ರಿ."

"ಸಾಮಾನು ಬಂತಲ್ಲಪ್ಪ."

"ಅದು ಅದೃಷ್ಟ."

"ಅದೃಷ್ಟ ಅಲ್ಲ ಗುಜರಿ. ನೀನು ಸಾಮಾನು ಯಾವ್ದು ಅಂತ ನೋಡ್ತೀಯ. ಅದ್ರಲ್ಲಿ ಏನದೆ ಅಂತ ನೋಡಲ್ಲ. ನೋಡು ಮೊದ್ಲು."

ಆ ದಿನದಿಂದ ನೋಡಲು ಕಲಿತೆ. ಕಂಬದ ಕೆತ್ತನೆಯಲ್ಲಿ ಉಳಿ ಬಲಗೈಯದೋ ಎಡಗೈಯದೋ ಎಂದು ಈಗಲೂ ಹೇಳಬಲ್ಲೆ. ಅದರಿಂದ ನನಗೆ ವ್ಯಾಪಾರವೂ ಏರಿತು. ಆದರೆ ನೋಡಲು ಕಲಿತವನಿಗೆ ಕಾಣಬಾರದ್ದೂ ಕಾಣುತ್ತದೆ.

ಒಂದು ದಿನ ಅವರು ಮಾತಿನ ನಡುವೆ ಹೇಳಿದರು. ತೀರಾ ಹಳೆಯ ಕಾಲದ ಫೋಟೋಗಳು ಮೊದಲು ಗಾಜಿನ ಮೇಲೆ ಮೂಡುತ್ತಿದ್ದವಂತೆ. ಗಾಜಿನ ಒಂದು ಮಗ್ಗುಲಿಗೆ ಕರೀ ಪೊರೆ ಇರುತ್ತದೆ, ಅದರಿಂದಲೇ ಕಾಗದಕ್ಕೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದು. "ಅಂಥ ಗಾಜು ಸಿಕ್ರೆ ತೊಳೀಬ್ಯಾಡ ಕಣಪ್ಪ, ಅಂಗೇ ತಗೊಂಬಾ" ಅಂದರು.

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

ಅವರ ಪರಿಚಯವಾಗುವುದಕ್ಕೆ ಎಷ್ಟೋ ವರ್ಷ ಹಿಂದೆ, ನಾನಿನ್ನೂ ಸೈಕಲ್ ಮೇಲಿದ್ದಾಗ, ಪಿರಿಯಾಪಟ್ಟಣದಾಚೆಯ ಒಂದು ತೋಟದ ಬಂಗಲೆಯಿಂದ ಒಂದು ಮರದ ಪೆಟ್ಟಿಗೆ ತಂದಿದ್ದೆ. ಒಳಗೆ ಸಾಲಾಗಿ ಕೊರೆದ ಸಂದುಗಳಲ್ಲಿ ಹನ್ನೆರಡು ಗಾಜು ನಿಂತಿದ್ದವು. ಎಲ್ಲವೂ ಒಂದೇ ಅಳತೆ, ಒಂದು ಮಗ್ಗುಲು ಕಪ್ಪು. ನಮ್ಮವರಿಗೆಲ್ಲ ಗೊತ್ತಿದ್ದ ಕೆಲಸ ಅದು: ಹಂಡೆಯಲ್ಲಿ ನೀರು ಕುದಿಸಿ, ವಾಷಿಂಗ್ ಸೋಡ ಹಾಕಿ, ಗಾಜು ಮುಳುಗಿಸಿದರೆ ಆ ಕರೀ ಪೊರೆ ಹಾಲಿನ ಕೆನೆಯ ಹಾಗೆ ಸುರುಳಿ ಸುತ್ತಿ ಬಿಡುತ್ತದೆ. ಹಳೇ ಗಾಜು ತೆಳುವಾಗಿ, ಗುಳ್ಳೆಯಿಲ್ಲದೆ ಇರುವುದರಿಂದ ಪಟಕ್ಕೆ ಕಟ್ಟು ಹಾಕುವವರು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು. ಹನ್ನೆರಡನ್ನೂ ಒಂದೇ ಮಧ್ಯಾಹ್ನ ತೊಳೆದಿದ್ದೆ.

ಪೆಟ್ಟಿಗೆ ಮಾತ್ರ ಶೆಡ್ಡಿನಲ್ಲೇ ಇತ್ತು. ಕೀಲು, ಸ್ಕ್ರೂ ತುಂಬಿಟ್ಟಿದ್ದೆ. ಹನಗೋಡಿನಿಂದ ನೇರ ಶೆಡ್ಡಿಗೆ ಬಂದವನೇ ಅದನ್ನು ಬೋರಲು ಹಾಕಿ ಬರಿದು ಮಾಡಿದೆ. ಮುಚ್ಚಳದ ಒಳಗಡೆ ಹಳದಿ ಕಾಗದವೊಂದು ಅಂಟಿತ್ತು, ಇಂಗ್ಲಿಷಿನಲ್ಲಿ ಕೈಬರಹದ ಹನ್ನೆರಡು ಸಾಲು. ಕಾಲೇಜಿಗೆ ಹೋಗುವ ನನ್ನ ಮಗಳಿಗೆ ತೋರಿಸಿದೆ. ಅವಳು ಒಂದೊಂದೇ ಬಿಡಿಸಿ ಬಿಡಿಸಿ ಓದಿ ಹೇಳಿದಳು. ಗಣಿಯ ಬಾಯಿ, ಉಳಿ ಹೊಡೆಯುವವರು, ಗಾಡಿ ನೂಕುವವರು ಅಂತ ಸಾಲಾಗಿತ್ತು. ಏಳನೆಯದು ಬಂದಾಗ ಅವಳು ಓದು ನಿಲ್ಲಿಸಿದಳು.

"ಏಳು, ನೆಲದೊಳಗೆ ಮರ ನಿಲ್ಲಿಸುವವರು. ಕೋಟೆಯವರ ಗುಂಪು ಅಂತ ಬರ್ದವ್ರೆ ಅಪ್ಪ. ಯಾವ ಕೋಟೆ?"

ಯಾವುದೋ ಒಂದು ಅಂದೆ.

ವ್ಯಾಪಾರದಲ್ಲಿ ನಾನು ಪಾಲಿಸಿಕೊಂಡು ಬಂದ ನಿಯಮ ಒಂದಿತ್ತು, ಗಿರಾಕಿ ಕೇಳದ ಊನವನ್ನು ನಾವಾಗಿ ಹೇಳಬಾರದು. ಆ ನಿಯಮದಲ್ಲಿ ಒಂದು ವರ್ಷ ಕಳೆದೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಹನಗೋಡಿಗೆ ಮೊದಲಿಗಿಂತ ಜಾಸ್ತಿ ಫೋಟೋ ಒಯ್ದು ಕೊಟ್ಟೆ, ಬೆಲೆ ಕೇಳುವುದನ್ನೂ ಬಿಟ್ಟೆ. ನರ್ಸಮ್ಮ ಅದನ್ನು ಗಮನಿಸದೆ ಇರಲಿಲ್ಲ. "ಏನಪ್ಪ, ಗುಜರಿ ಅಂಗಡಿ ಧರ್ಮಛತ್ರ ಆಗೋಯ್ತಾ?" ಅಂತ ಕೇಳಿದರು. ನಾನು ನಕ್ಕು ತೇಲಿಸಿದೆ.

ಅಷ್ಟರಲ್ಲಿ ಅವರ ಕಣ್ಣು ಮಂಜಾಗತೊಡಗಿತು. ಪೊರೆಯಲ್ಲ, ಒಳಗಿನ ನರದ ತೊಂದರೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದರೂ ಅರ್ಧ ಮಾತ್ರ ಕಾಣುತ್ತಿತ್ತು. ಒಂದು ಮಧ್ಯಾಹ್ನ ನಾನು ಹೊರಡುವಾಗ ಜಗಲಿಯವರೆಗೆ ಗೋಡೆ ಹಿಡಿದುಕೊಂಡು ಬಂದು, ಎಂದೂ ಯಾರನ್ನೂ ಏನೂ ಬೇಡದವರು, ಹೇಳಿದರು:

"ಸ್ವಲ್ಪ ಬೇಗ ಹುಡುಕಪ್ಪ. ಕಣ್ಣಿರೋವಾಗ್ಲೇ ಒಂದ್ಸಲ ನೋಡ್ಬುಡ್ತೀನಿ."

ಮಾರನೆಯ ದಿನ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಸ್ಕೂಟರಿನ ಮುಂದೆ ಇಟ್ಟುಕೊಂಡು ಹನಗೋಡಿಗೆ ಹೋಗುವಷ್ಟು ಹೊತ್ತು ಹೇಗೆ ಹೇಳಬೇಕೆಂದು ಹತ್ತು ಥರ ಜೋಡಿಸಿಕೊಂಡೆ. ಅಲ್ಲಿ ತಲುಪಿ ಪೆಟ್ಟಿಗೆ ಅವರ ಮುಂದಿಟ್ಟೆ. ಮುಚ್ಚಳವನ್ನು ಅವರ ತೊಡೆಯ ಮೇಲಿಟ್ಟೆ. ಸೊಸೆ ಮಿಷನ್ ನಿಲ್ಲಿಸಿ ಬಂದು ಹನ್ನೆರಡು ಸಾಲನ್ನೂ ಓದಿದಳು. ಏಳನೆಯದನ್ನು ನರ್ಸಮ್ಮ ಎರಡು ಸಲ ಓದಿಸಿದರು. ಅವರ ಕೈ ಪೆಟ್ಟಿಗೆಯೊಳಗೆ ಇಳಿದು, ಬರಿದಾದ ಸಂದುಗಳನ್ನು ಒಂದೊಂದಾಗಿ ಸವರಿತು.

"ಗಾಜೆಲ್ಲಿ?"

"ತೊಳ್ದುಬುಟ್ಟೆ ನರ್ಸಮ್ಮ. ನಿಮ್ ಪರಿಚಯ ಆಗಕ್ ಮುಂಚೆ. ನಂಗೇನೂ ಗೊತ್ತಿರ್ಲಿಲ್ಲ."

"ನೀನೇ ತೊಳ್ದಿದ್ದಾ?"

"ನಾನೇ."

"ತಣ್ಣೀರಲ್ಲೋ ಬಿಸಿನೀರಲ್ಲೋ?"

"ಕುದಿಯೋ ನೀರು. ಸೋಡ ಹಾಕಿದ್ದೆ."

"ಅಂಗಾದ್ರೆ ಏನೂ ಉಳ್ದಿರಲ್ಲ" ಅಂದರು, ರೋಗಿಯ ವಿಷಯ ಡಾಕ್ಟರಿಗೆ ಹೇಳುವ ಹಾಗೆ. "ಈಗ ಎಲ್ಲವೆ?"

"ಪಟದ ಅಂಗಡಿಗ್ ಮಾರ್ದೆ. ದೇವ್ರ ಪಟಕ್ಕೆ ಹಾಕವ್ರೆ. ಯಾರ್ ಯಾರ ಮನೇಲವೋ ಗೊತ್ತಿಲ್ಲ."

ಅವರು ಮುಚ್ಚಳವನ್ನು ಪೆಟ್ಟಿಗೆಯ ಮೇಲಿಟ್ಟು, ಸರಿಯಾಗಿ ಕೂರುವಂತೆ ಒತ್ತಿದರು. ಈ ವಿಷಯ ಗೊತ್ತಾಗಿ ಎಷ್ಟು ದಿನವಾಯಿತೆಂದು ಕೇಳಿದರು. ಒಂದು ವರ್ಷ ಅಂದೆ. ಆ ಉತ್ತರಕ್ಕೇ ಅವರ ಮುಖ ಬದಲಾಯಿತು, ತೊಳೆದದ್ದಕ್ಕಲ್ಲ.

"ವರ್ಷದ್ ಹಿಂದೆ ನಂಗೆ ಕಣ್ಣಿತ್ತಲ್ಲೋ. ಈ ಅಕ್ಷರನಾದ್ರೂ ನಾನೇ ಓದ್ಕೊತಿದ್ದೆ. ಏಳಪ್ಪ ಮೇಲೆ, ಹೋಗು ಇವತ್ತು."

ಮೂರು ವಾರ ಫೋನಿಲ್ಲ. ನಾನು ಮಾಡಲು ಧೈರ್ಯವಾಗಲಿಲ್ಲ. ಇನ್ನು ಆ ಮನೆಯ ಬಾಗಿಲು ಮುಚ್ಚಿತು ಅಂದುಕೊಂಡಿರುವಾಗ ಸೊಸೆಯ ಫೋನು ಬಂತು. "ಅತ್ತೆ ಬರ್ಬೇಕಂತೆ. ನಾಳೆ ಅಂಗಡಿ ಬಾಗ್ಲು ಹಾಕ್ಕೊಂಡ್ ಬರ್ಬೇಕಂತೆ, ಗಡಿಬಿಡಿ ಮಾಡಂಗಿಲ್ವಂತೆ."

ಹೋದಾಗ ನರ್ಸಮ್ಮ ಜಗಲಿಯಲ್ಲಿ ಕೂತಿದ್ದರು. ಸೊಸೆಯ ಮುಂದೆ ಹೊಸ ನೋಟ್‌ಬುಕ್ಕು, ಪೆನ್ನು. ಬಟ್ಟೆ ಕೊಡಲು ಬಂದ ಹೆಂಗಸರನ್ನು ನಾಳೆ ಬನ್ನಿ ಅಂತ ಕಳಿಸಿದ್ದರು.

"ತೊಳ್ಯಕ್ ಮುಂಚೆ ಗಾಜ್ನ ಬೆಳಕಿಗ್ ಹಿಡ್ದು ನೋಡ್ತೀಯ ತಾನೆ?"

"ನೋಡ್ಲೇಬೇಕು ನರ್ಸಮ್ಮ. ಬಿರುಕಿದ್ರೆ ತೊಳ್ದೂ ದಂಡ."

"ಅಂಗಾದ್ರೆ ಅವನ್ನ ಕಂಡಿರೋ ಕಣ್ಣು ಅಂತ ಈಗ ನಿಂದೊಂದೇ ಉಳ್ದಿರೋದು. ಕೂತ್ಕೊ. ಒಂದೊಂದೇ ಹೇಳು."

ಇಪ್ಪತ್ತೈದು ಮೂವತ್ತು ವರ್ಷದ ಹಿಂದಿನದು, ನೆನಪಿಲ್ಲ ಅಂದೆ. ಅವರು ಬಿಡಲಿಲ್ಲ. ಎಷ್ಟು ಸಾವಿರ ಹೆಂಗಸರಿಗೆ ಹೆರಿಗೆ ನೋವಿನಲ್ಲಿ ಇನ್ನೊಂದ್ಸಲ ಮುಕ್ಕು ಅಂದಿದ್ದರೋ, ಅದೇ ದನಿ. ಆ ದಿನ ಹಿತ್ತಲಲ್ಲಿ ಯಾವ ಕಡೆ ಮುಖ ಮಾಡಿ ಕೂತಿದ್ದೆ, ಬಿಸಿಲು ಎಲ್ಲಿತ್ತು, ಗಾಜನ್ನು ಯಾವ ಕೈಯಲ್ಲಿ ಎತ್ತಿದೆ ಅಂತ ಕೇಳುತ್ತ ಹೋದರು. ಹಾಗೆ ಕೇಳುತ್ತ ಕೇಳುತ್ತ, ನಂಬಿ ಬಿಡಿ, ಗಾಜುಗಳು ಮರಳಿ ಬಂದವು. ಎಲ್ಲ ಅಲ್ಲ, ಐದಾರು. ಹೆದರಿಕೆಯಾಗಿದ್ದರಿಂದ ಮನಸ್ಸಿನಲ್ಲಿ ಉಳಿದಿದ್ದವು. ಅದರಲ್ಲಿದ್ದವರ ಮೈಯೆಲ್ಲ ಬೆಳ್ಳಗೆ, ಹಲ್ಲು ಕಪ್ಪು, ಉಟ್ಟ ಬಟ್ಟೆ ಕಪ್ಪು. ದೆವ್ವಗಳ ಹಾಗಿದ್ದರು.

"ಗಾಜಲ್ಲಿ ಎಲ್ಲ ಉಲ್ಟಾ ಇರ್ತದೆ ಕಣೋ. ಮುಂದಕ್ ಹೇಳು."

"ಒಬ್ಬನ ತಲೆಗೆ ಕರೀ ಬಟ್ಟೆ."

"ಬರ್ಕೊಳ್ಳಮ್ಮ, ಬಿಳೀ ರುಮಾಲು."

ಹೀಗೆ ನಾನು ಕರಿದು ಅಂದದ್ದನ್ನೆಲ್ಲ ಅವರು ಬಿಳಿಗೆ ತಿರುಗಿಸಿ ಬರೆಸಿದರು. ನಾಲ್ಕು ಮಧ್ಯಾಹ್ನ ಹಿಡಿಯಿತು. ಏಳನೆಯದಕ್ಕೆ ಬಂದಾಗ ನನಗೆ ನೆನಪಿತ್ತು. ನಾಲ್ಕು ಜನ, ಹೆಗಲ ಮೇಲೆ ದಪ್ಪ ತೊಲೆ, ಅದಕ್ಕೆ ಸುತ್ತಿಕೊಂಡ ಬೆರಳುಗಳು. ಮುಂದಿನವನ ಬಗ್ಗೆ ಕೇಳಿದಾಗ ಸೊಂಪಾಗಿ ಹೇಳಿದೆ. ಎತ್ತರದ ಆಳು, ಗಿರಿಜಾ ಮೀಸೆ, ನೇರವಾಗಿ ಇತ್ಲಾಗೇ ನೋಡುತ್ತಿದ್ದ, ಥೇಟ್ ನಿಮ್ಮದೇ ಮೂಗು ಅಂದೆ. ಸೊಸೆ ಸರಸರ ಬರೆದುಕೊಂಡಳು. ನರ್ಸಮ್ಮ ಕೈ ಎತ್ತಿ ತಡೆದರು.

"ಹೊಡ್ದಾಕಮ್ಮ ಅದ್ನ."

ಯಾಕೆಂದು ಕೇಳಿದೆ.

"ಇಷ್ಟೊತ್ತೂ ತಡವರಿಸ್ಕೊಂಡು ಹೇಳ್ತಿದ್ದೆ. ಈಗ ಬಾಗಿಲು ಮಾರೋನಂಗೆ ಹೇಳ್ದೆ. ನಂಗೆ ಪಾಲಿಷ್ ಹೊಡಿಬ್ಯಾಡ. ಕಂಡಿದ್ ಹೇಳು, ಕಾಣ್ದಿದ್ರೆ ಕಾಣ್ಲಿಲ್ಲ ಅನ್ನು."

ನಾನು ನೆಲ ನೋಡಿದೆ. ಮುಪ್ಪಿನ ಕಾಲದಲ್ಲಿ ಅಜ್ಜನ ಮುಖಕ್ಕಾಗಿ ಕಾದು ಕೂತವರಿಗೆ ಕಂಡದ್ದನ್ನು ಹೇಗೆ ಹೇಳಲಿ? ಕೊನೆಗೆ ಹೇಳಿಯೇಬಿಟ್ಟೆ.

"ಮೂರು ಜನಕ್ಕೆ ಮುಖ ಇತ್ತು ನರ್ಸಮ್ಮ, ಹೆಂಗಿತ್ತು ಅಂತ ನೆಪ್ಪಿಲ್ಲ. ಮುಂದಿದ್ದೋನಿಗೆ ತಲೇನೇ ಇರ್ಲಿಲ್ಲ. ಮೈ ಅದೆ, ಕೈ ಅದೆ, ಕತ್ತಿನ ಮೇಲೆ ಬರೀ ಹೊಗೆ. ಅದ್ಕೇ ಆ ಗಾಜು ನೋಡಿ ಹೆದ್ರಿದ್ದು. ಮೊದ್ಲು ತೊಳ್ದಿದ್ದೂ ಅದ್ನೇಯ."

ಸೊಸೆ ಪೆನ್ನು ಕೆಳಗಿಟ್ಟು ಅತ್ತೆಯ ಮುಖ ನೋಡಿದಳು. ನರ್ಸಮ್ಮನವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಎದ್ದು ನಿಂತೆ. ಅವರು ನಗುತ್ತಿದ್ದರು.

"ನಮ್ಮಜ್ಜನೇ ಕಣಮ್ಮ ಅವ್ನು" ಅಂದರು ಸೊಸೆಗೆ. "ನಾನು ಇದ್ನ ಯಾರ್ಗೂ ಹೇಳಿರ್ಲಿಲ್ಲ, ನಿಮ್ಮಪ್ಪಂಗೂ ಹೇಳಿರ್ಲಿಲ್ಲ. ಒಳಗೆ ಕತ್ತಲು ಅಂತ ದೊರೆ ಅದೇನೋ ತಂತಿ ಹಚ್ಚಿದ್ನಂತೆ. ಸೂರ್ಯ ಬಂದಂಗೆ ಬುಗ್ ಅಂತ ಬೆಳಕು. ಎಲ್ಲರ್ಗೂ ಅಲ್ಲಾಡಂಗಿಲ್ಲ ಅಂದಿದ್ರೂ, ಗಣಿಗೆ ಬೆಂಕಿ ಬಿತ್ತು ಅಂತ ನಮ್ಮಜ್ಜ ತಲೆ ತಿರುಗ್ಸ್‌ಬುಟ್ನಂತೆ. ಫೋಟೋ ಕೆಡುಸ್ದೆ ಅಂತ ದೊರೆ ಬೈದ್ನಂತೆ. ಅಲ್ಲಾಡಿದ್ ಮುಖ ಗಾಜಲ್ಲಿ ಹೊಗೆಯಂಗೇ ಮೂಡೋದು. ತೊಲೆ ಬಿಸಾಕಿ ಓಡೋಗ್ಲಿಲ್ಲ ನೋಡು ಆದ್ರೂ. ಕೈ ಇತ್ತು ಅಂದೆಯಲ್ಲ, ತೊಲೆ ಮೇಲೇ ಇತ್ತಾ?"

"ತೊಲೆ ಮೇಲೇ ಇತ್ತು. ಬಿಗಿಯಾಗಿ ಹಿಡ್ದಿದ್ದ. ಅದು ಮಾತ್ರ ಕಂಡಿದ್ದು."

"ಅಷ್ಟ್ ಬರ್ಕೊಳ್ಳಮ್ಮ. ಅಷ್ಟು ಸಾಕು."

ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ಸರಿಯಾಗಿ ನನ್ನ ಮೇಲೆ ನಿಲ್ಲಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು. "ಆ ಮೀಸೆ ಹಚ್ಚಿ ಕಳುಸ್ಬುಟ್ಟಿದ್ರೆ ನಾನು ಯಾರ್ನೋ ನಮ್ಮಜ್ಜ ಅನ್ಕೊಂಡು ಸಾಯ್ತಿದ್ದೆ ಗುಜರಿ." ಸೊಸೆಗೆ ಕಾಫಿ ಇಡಲು ಹೇಳಿದರು. ಕ್ಷಮಿಸಿದೆ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ, ನಾನೂ ಕೇಳಲಿಲ್ಲ. ಕಾಫಿ ಕುಡಿದೆ.

ಆಮೇಲೆ ಎರಡು ವರ್ಷ ಬದುಕಿದ್ದರು. ಕಣ್ಣು ಪೂರ್ತಿ ಹೋಗಿತ್ತು. ನಾನು ಫೋಟೋ ಒಯ್ದರೆ ನಾನೇ ನೋಡಿ ಹೇಳಬೇಕಿತ್ತು, ಅವರು ಕೇಳಿಸಿಕೊಂಡು ಬೇಕು, ಬೇಡ ಅನ್ನುತ್ತಿದ್ದರು. ಕಳೆದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ಊರೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನು ಮನೆಗಳ ಹೊಗೆ ಕವಿದಿದ್ದಾಗ, ನಾಲ್ಕು ದಿನದ ಜ್ವರಕ್ಕೆ ಹೋದರು. ಅವರ ಕೈಯಲ್ಲಿ ಹುಟ್ಟಿದವರು ಸರಗೂರಿನಿಂದ, ಕೋಟೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಹೊಳೆದಂಡೆಯವರೆಗೆ ಹೊರಲು ಹೆಗಲು ಹೆಚ್ಚಾಗಿ, ನನ್ನ ಸರದಿ ಬಂದದ್ದು ಹತ್ತೇ ಹೆಜ್ಜೆಗೆ.

ಫೋಟೋಗಳನ್ನು ಮೈಸೂರಿನ ಒಂದು ಕಾಲೇಜಿಗೆ ಕೊಡಬೇಕೆಂದು ಅವರೇ ಹೇಳಿದ್ದರು. ಸೊಸೆಯೂ ನಾನೂ ಒಯ್ದೆವು. ಅಲ್ಲಿಯ ಮೇಡಂ ಒಂದೊಂದೇ ಆಲ್ಬಂ ತೆಗೆದು ನೋಡಿ ಪಟ್ಟಿ ಮಾಡಿಕೊಳ್ಳುತ್ತಿದ್ದವರು ಒಂದು ಕಡೆ ನಿಂತರು. ಹಾಳೆಯ ಮೇಲೆ ನಾಲ್ಕು ಮೂಲೆ ಅಂಟಿಸಿತ್ತು, ನಡುವೆ ಏನೂ ಇರಲಿಲ್ಲ.

"ಇಲ್ಲಿ ಫೋಟೋ ಬಿದ್ದುಹೋಗಿದೆಯಾ? ಹಾಗಿದ್ರೆ ಈ ಹಾಳೆ ತೆಗೆದುಬಿಡೋಣ."

ಸೊಸೆ ನನ್ನ ಕಡೆ ನೋಡಿದಳು. ನಾನು ಬಗ್ಗಿ ನೋಡಿದೆ. ಖಾಲಿ ಜಾಗದ ಕೆಳಗೆ ಅವಳ ಅಕ್ಷರದಲ್ಲಿ, ಅವಳ ಅತ್ತೆ ಹೇಳಿ ಬರೆಸಿದ್ದು: 'ಏಳನೇ ನಂಬರು. ನೆಲದೊಳಗೆ ಮರ ನಿಲ್ಲಿಸುವವರು, ಕೋಟೆಯವರು. ನಾಲ್ಕು ಜನ. ಮುಂದಿನವರು ತಲೆ ತಿರುಗಿಸಿದ್ದಾರೆ, ಕೈ ಬಿಟ್ಟಿಲ್ಲ. ಅವರು ನಮ್ಮಜ್ಜ. ಕಂಡವರು ಹೇಳಿದ್ದು.'

ಕಂಡವರು ಅಂತಿತ್ತು, ತೊಳೆದವರು ಅಂತ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಕಣ್ಣಿಲ್ಲದ ಕಾಲದಲ್ಲಿ ಕೂತು ನನ್ನ ಮಾನ ಉಳಿಸಿ ಬರೆಸಿದ್ದರು.

ಆ ಹಾಳೆ ತೆಗೆಯಬಾರದು ಅಂದೆ. ಮೇಡಂ ಯಾಕೆಂದು ಕೇಳಿದರು. ಜೀವಮಾನವೆಲ್ಲ ಬಾಯಿ ಬಳಸಿ ಬದುಕಿದವನು ನಾನು, ಈ ಸಲ ಬರೆದೇ ಹೇಳಬೇಕೆನಿಸಿತು. ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ. 'ಕಂಡವರು' ಅಂತಿದ್ದ ಕಡೆ, ಪಕ್ಕದ ಜಾಗದಲ್ಲಿ, 'ತೊಳೆದವರೂ ಇವರೇ' ಅಂತ ಬರೆದು, ಅದರ ಕೆಳಗೆ ನನ್ನ ಹೆಸರು, ನಮ್ಮಪ್ಪನ ಹೆಸರು, ಊರು ಹುಣಸೂರು ಅಂತ ಬಿಡಿಸಿ ಬಿಡಿಸಿ ಬರೆದು ಕೊಟ್ಟೆ.